ಹಳೆಯ ಲ್ಯಾಪ್‌ಟಾಪನ್ನು ಟಿ.ವಿ.ಗೆ ಜೋಡಿಸಿ ಬಳಸುವುದು: ಕತ್ತರಿಸಿದ ಅಂಚು, ತಡವರಿಸುವ ವಿಡಿಯೊ, ಬ್ರೌಸರ್ ಆಯ್ಕೆ

ಪ್ರಶ್ನೆ: ಶರಾವತಿ_ತೀರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2012ರಲ್ಲಿ ಕೊಂಡ ಲ್ಯಾಪ್‌ಟಾಪ್ ಒಂದಿದೆ. ಮೂರನೆಯ ತಲೆಮಾರಿನ ಇಂಟೆಲ್ ಕೋರ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ಹಳೆಯ ಬಗೆಯ ಹಾರ್ಡ್ ಡಿಸ್ಕ್, ವಿಂಡೋಸ್ 10. ಕೀಲಿಮಣೆಯ ಕೆಲವು ಕೀಲಿಗಳು ಕೆಲಸ ಮಾಡುವುದಿಲ್ಲ ಎಂಬುದನ್ನು ಬಿಟ್ಟರೆ ಯಂತ್ರ ಇನ್ನೂ ಗಟ್ಟಿಯಾಗಿದೆ. ಹಾಲ್‌ನಲ್ಲಿರುವ 32 ಇಂಚಿನ ಸ್ಮಾರ್ಟ್ ಟಿ.ವಿ.ಯೂ ಹೆಚ್ಚುಕಡಿಮೆ ಅದೇ ಕಾಲದ್ದು. ಅದರೊಳಗಿನ ಆ್ಯಪ್‌ಗಳಿಗೆ ಅಪ್‌ಡೇಟ್ ಬರುವುದು ನಿಂತು ಬಹಳ ಕಾಲವಾಗಿದೆ, ಟಿ.ವಿ.ಯಲ್ಲೇ ಇರುವ ಬ್ರೌಸರ್‌ನಲ್ಲಿ ಇಂದಿನ ಯಾವ ಜಾಲತಾಣವೂ ಸರಿಯಾಗಿ ತೆರೆಯುವುದಿಲ್ಲ. ಪರದೆ ಮಾತ್ರ ಚೆನ್ನಾಗಿದೆ. ಆದ್ದರಿಂದ ಎರಡನ್ನೂ ಎಚ್‌ಡಿಎಂಐ ಕೇಬಲ್‌ನಿಂದ ಜೋಡಿಸಿ, ಟಿ.ವಿ.ಯನ್ನು ಕೇವಲ ಪರದೆಯಾಗಿ, ಲ್ಯಾಪ್‌ಟಾಪನ್ನು ಅದರ ಮಿದುಳಾಗಿ ಬಳಸಬೇಕೆಂದು ಹೊರಟಿದ್ದೇನೆ. ಅಮ್ಮನಿಗೆ ಯಕ್ಷಗಾನ ಪ್ರಸಂಗಗಳ ಹಾಗೂ ಚಂದನ ವಾಹಿನಿಯ ಹಳೆಯ ಕಾರ್ಯಕ್ರಮಗಳ ರೆಕಾರ್ಡಿಂಗ್‌ಗಳು ಬೇಕು. ಅಪ್ಪನಿಗೆ ಕನ್ನಡ ಪತ್ರಿಕೆಗಳನ್ನು ದೊಡ್ಡ ಅಕ್ಷರದಲ್ಲಿ ಓದಬೇಕು.

ಜೋಡಣೆಯೇನೋ ಆಯಿತು, ಆದರೆ ನಾಲ್ಕು ವಿಷಯಗಳಲ್ಲಿ ತಿಳಿದವರ ಸಲಹೆ ಬೇಕಾಗಿದೆ. ಮೊದಲನೆಯದಾಗಿ, ಪರದೆಯ ನಾಲ್ಕೂ ಅಂಚುಗಳು ಸ್ವಲ್ಪ ಕತ್ತರಿಸಿದಂತೆ ಕಾಣುತ್ತವೆ, ಟಾಸ್ಕ್‌ಬಾರ್ ಅರ್ಧ ಮಾತ್ರ ಕಾಣಿಸುತ್ತದೆ. ಅಕ್ಷರಗಳೂ ಮಸುಕಾಗಿವೆ, ಅದರಲ್ಲೂ ಕೆಂಪು ಬಣ್ಣದ ಶೀರ್ಷಿಕೆಗಳಲ್ಲಿ ಒತ್ತಕ್ಷರಗಳು ಕಲಸಿಹೋಗುತ್ತವೆ. ಎರಡನೆಯದು, ಬ್ರೌಸರ್‌ನಲ್ಲಿ 1080ಪಿ (1920 × 1080 ಚುಕ್ಕಿಗಳ) ವಿಡಿಯೊ ಹಾಕಿದರೆ ಫ್ಯಾನ್ ಜೋರಾಗಿ ಸದ್ದು ಮಾಡುತ್ತದೆ, ಚಿತ್ರ ತಡವರಿಸುತ್ತದೆ. ಇಂಟರ್ನೆಟ್ ವೇಗದಲ್ಲಿ ಕೊರತೆಯಿಲ್ಲ ಎಂಬುದನ್ನು ಫೋನಿನಲ್ಲಿ ಖಚಿತಪಡಿಸಿಕೊಂಡಿದ್ದೇನೆ. ಮೂರನೆಯದು, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಈ ಯಂತ್ರ ಅರ್ಹವಲ್ಲ. ವಿಂಡೋಸ್ ಬಿಟ್ಟು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಗೆ ಹೋದರೆ ಕನ್ನಡ ಬರೆಯಲು, ಓದಲು ತೊಂದರೆಯಾಗುವುದೇ? ಕೊನೆಯದಾಗಿ, ಇಷ್ಟೆಲ್ಲ ಮಾಡುವ ಬದಲು ಎಚ್‌ಡಿಎಂಐ ಕಿಂಡಿಗೆ ಚುಚ್ಚಿ ಆ್ಯಪ್‌ಗಳನ್ನು ನಡೆಸುವ ಒಂದು ಟಿ.ವಿ. ಸ್ಟಿಕ್ ಕೊಂಡುಬಿಡುವುದು ಮೇಲೇ?

ಉತ್ತರ: ತಂತಿ_ಪೆಟ್ಟಿಗೆ

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಟಿ.ವಿ.ಯಲ್ಲಿದೆ, ಲ್ಯಾಪ್‌ಟಾಪ್‌ನಲ್ಲಿ ಅಲ್ಲ. ಇದನ್ನು ಓವರ್‌ಸ್ಕ್ಯಾನ್ ಎನ್ನುತ್ತಾರೆ. ಗಾಜಿನ ಪಿಕ್ಚರ್ ಟ್ಯೂಬ್ ಇದ್ದ ಟಿ.ವಿ.ಗಳಲ್ಲಿ ಚಿತ್ರದ ಅಂಚು ಒಂದೊಂದು ಸೆಟ್ಟಿನಲ್ಲಿ ಒಂದೊಂದು ಬಗೆಯಾಗಿ ಮೂಡುತ್ತಿದ್ದುದರಿಂದ, ಚಿತ್ರವನ್ನು ಪರದೆಗಿಂತ ಕೊಂಚ ದೊಡ್ಡದಾಗಿ ಬಿಡಿಸಿ ಅಂಚನ್ನು ಚೌಕಟ್ಟಿನ ಹಿಂದೆ ಮರೆಮಾಡುವುದು ವಾಡಿಕೆಯಾಗಿತ್ತು. ಎಲ್‌ಸಿಡಿ ಪರದೆಗೆ ಇದರ ಅಗತ್ಯವೇ ಇಲ್ಲ. ಆದರೂ ಎಷ್ಟೋ ಟಿ.ವಿ.ಗಳು ಇಂದಿಗೂ ಎಚ್‌ಡಿಎಂಐ ಮೂಲಕ ಬಂದ ಚಿತ್ರವನ್ನು ಕೆಲವು ಶೇಕಡಾ ಹಿಗ್ಗಿಸಿಯೇ ತೋರಿಸುತ್ತವೆ. ಹಿಗ್ಗಿಸಿದ ಚಿತ್ರದಲ್ಲಿ ಒಂದು ಚುಕ್ಕಿಗೆ ಒಂದು ಚುಕ್ಕಿ ಹೊಂದದ ಕಾರಣ ಅಕ್ಷರ ಮಸುಕಾಗುತ್ತದೆ. ಅಂದರೆ ನಿಮ್ಮ ಅಂಚಿನ ತೊಂದರೆ ಮತ್ತು ಮಸುಕಿನ ತೊಂದರೆ ಬಹುಮಟ್ಟಿಗೆ ಒಂದೇ.

ಟಿ.ವಿ.ಯ ರಿಮೋಟ್‌ನಲ್ಲಿ ಚಿತ್ರದ ಅಳತೆ ಅಥವಾ ಆಸ್ಪೆಕ್ಟ್ ರೇಶಿಯೊ ಎಂಬ ಆಯ್ಕೆಗೆ ಹೋಗಿ. ಎಲ್‌ಜಿ ಟಿ.ವಿ.ಗಳಲ್ಲಿ ಇದಕ್ಕೆ 'ಜಸ್ಟ್ ಸ್ಕ್ಯಾನ್' ಎಂದೂ ಸ್ಯಾಮ್‌ಸಂಗ್‌ನಲ್ಲಿ 'ಸ್ಕ್ರೀನ್ ಫಿಟ್' ಎಂದೂ ಹೆಸರಿದೆ. ಬೇರೆ ತಯಾರಕರಲ್ಲಿ 'ಫುಲ್ ಪಿಕ್ಸೆಲ್', 'ಡಾಟ್ ಬೈ ಡಾಟ್' ಎಂದೂ ಇರಬಹುದು. ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಚಿತ್ರವನ್ನು ಕುಗ್ಗಿಸಿ ಅಂಚನ್ನು ಸರಿಪಡಿಸುವ ದಾರಿಯೂ ಇದೆ, ಆದರೆ ಅದನ್ನು ದಯವಿಟ್ಟು ಹಿಡಿಯಬೇಡಿ: ಮೊದಲು ಕುಗ್ಗಿಸಿ ಆಮೇಲೆ ಹಿಗ್ಗಿಸಿದರೆ ಅಕ್ಷರ ಇನ್ನಷ್ಟು ಕೆಡುತ್ತದೆ.

ಕೆಂಪು ಶೀರ್ಷಿಕೆಗಳ ಸಂಗತಿ ಮಾತ್ರ ಬೇರೆ. ವಿಡಿಯೊ ಸಂಕೇತಗಳಲ್ಲಿ ಬೆಳಕಿನ ವಿವರವನ್ನು ಪೂರ್ತಿಯಾಗಿಯೂ ಬಣ್ಣದ ವಿವರವನ್ನು ಕಡಿಮೆಯಾಗಿಯೂ ಇಡುವ ಪದ್ಧತಿಯಿದೆ. ಕಣ್ಣಿಗೆ ಬಣ್ಣದ ಅಂಚು ಅಷ್ಟು ಸೂಕ್ಷ್ಮವಾಗಿ ತಿಳಿಯುವುದಿಲ್ಲವಾದ್ದರಿಂದ ಸಿನಿಮಾ ನೋಡುವಾಗ ಯಾರಿಗೂ ಇದರ ಅರಿವಾಗುವುದಿಲ್ಲ. ಟಿ.ವಿ. ಇದೇ ಪದ್ಧತಿಯನ್ನು ಕಂಪ್ಯೂಟರಿನ ಚಿತ್ರಕ್ಕೂ ಅನ್ವಯಿಸಿದಾಗ ಬಣ್ಣದ ಸಣ್ಣ ಅಕ್ಷರಗಳು ಹಾಳಾಗುತ್ತವೆ, ಕನ್ನಡದ ಒತ್ತಕ್ಷರಗಳಂತಹ ಪುಟ್ಟ ಆಕಾರಗಳಿಗೆ ಮೊದಲ ಪೆಟ್ಟು ಬೀಳುತ್ತದೆ. ಅನೇಕ ಟಿ.ವಿ.ಗಳಲ್ಲಿ ಆ ಎಚ್‌ಡಿಎಂಐ ಇನ್‌ಪುಟ್‌ನ ಹೆಸರನ್ನು 'ಪಿಸಿ' ಎಂದು ಬದಲಿಸಿದ ಕೂಡಲೇ ಟಿ.ವಿ. ಬಣ್ಣವನ್ನು ಪೂರ್ತಿ ವಿವರದಲ್ಲಿ ತೋರಿಸಲು ತೊಡಗುತ್ತದೆ. ಹೆಸರು ಬದಲಿಸುವುದರಿಂದ ಚಿತ್ರ ಬದಲಾಗುತ್ತದೆ ಎಂದರೆ ನಂಬಲು ಕಷ್ಟವೆನಿಸಬಹುದು, ಆದರೆ ಮಾಡಿ ನೋಡಿ. ಶಾರ್ಪ್‌ನೆಸ್ ಮಟ್ಟವನ್ನೂ ತಗ್ಗಿಸಿ; ಅದು ಹೆಚ್ಚಾದರೆ ಅಕ್ಷರದ ಸುತ್ತ ಬಿಳಿಯ ಅಂಚು ಮೂಡುತ್ತದೆ.

ಇನ್ನೊಂದು ಮಾತು. ಆ ಕಾಲದ 32 ಇಂಚಿನ ಟಿ.ವಿ.ಗಳಲ್ಲಿ ಬಹುಪಾಲು 'ಎಚ್‌ಡಿ ರೆಡಿ' ಆಗಿದ್ದವು. ಅವುಗಳ ಪರದೆಯಲ್ಲಿ ಇರುವುದು 1366 × 768 ಚುಕ್ಕಿಗಳು ಮಾತ್ರ. 1080ಪಿ ಸಂಕೇತವನ್ನು ಸ್ವೀಕರಿಸಿ ಒಳಗೇ ಕುಗ್ಗಿಸಿಕೊಳ್ಳುತ್ತವೆ. ನಿಮ್ಮದೂ ಅಂಥದ್ದೇ ಆಗಿದ್ದರೆ, ಮತ್ತು ಟಿ.ವಿ. ಆ ಅಳತೆಯನ್ನು ಒಪ್ಪಿದರೆ, ಲ್ಯಾಪ್‌ಟಾಪ್‌ನಿಂದಲೇ 1366 × 768 ಕಳುಹಿಸಿ. ಕೈಪಿಡಿಯಲ್ಲಿ ಒಮ್ಮೆ ಪರಿಶೀಲಿಸಿಕೊಳ್ಳಿ, ಏಕೆಂದರೆ ನಿಮ್ಮ ಎರಡನೆಯ ಪ್ರಶ್ನೆಗೂ ಇದು ಸಂಬಂಧಿಸಿದ್ದು: ಅಂತಹ ಪರದೆಯಲ್ಲಿ 720ಪಿ ವಿಡಿಯೊಕ್ಕೂ 1080ಪಿ ವಿಡಿಯೊಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ತೀರ ಕಡಿಮೆ.

ಉತ್ತರ: ಗಣಕಪ್ರಿಯ

ವಿಡಿಯೊ ತಡವರಿಸುವ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. "ಯಂತ್ರ ಹಳೆಯದಾಯಿತು, ಎಸೆಯಿರಿ" ಎಂಬ ಸಲಹೆ ಬಹಳ ಸುಲಭವಾಗಿ ಸಿಗುತ್ತದೆ, ಮತ್ತು ಇಂತಹ ಪ್ರಸಂಗಗಳಲ್ಲಿ ಅದು ತಪ್ಪು.

ಅಂತರ್ಜಾಲದಿಂದ ಬರುವ ವಿಡಿಯೊ ಅಡಕಗೊಳಿಸಿದ ರೂಪದಲ್ಲಿರುತ್ತದೆ. ಅದನ್ನು ಬಿಡಿಸುವ ಕೆಲಸವನ್ನು ಪ್ರೊಸೆಸರ್‌ನ ಮುಖ್ಯ ಭಾಗ ಮಾಡಬಹುದು, ಇಲ್ಲವೇ ಗ್ರಾಫಿಕ್ಸ್ ಭಾಗದೊಳಗೆ ಇದಕ್ಕೆಂದೇ ಇರುವ ವಿಶೇಷ ಮಂಡಲ ಮಾಡಬಹುದು. ಎರಡನೆಯದಾದರೆ ಯಂತ್ರ ತಣ್ಣಗಿರುತ್ತದೆ. ಆದರೆ ಆ ಮಂಡಲಕ್ಕೆ ತಾನು ತಯಾರಾದ ಕಾಲದ ಅಡಕ ವಿಧಾನಗಳು ಮಾತ್ರ ಗೊತ್ತು. ನಿಮ್ಮ ಮೂರನೆಯ ತಲೆಮಾರಿನ ಇಂಟೆಲ್ ಚಿಪ್‌ಗೆ ಎಚ್.264 ಎಂಬ ಹಳೆಯ ಅಡಕ ವಿಧಾನ ಚೆನ್ನಾಗಿ ಬರುತ್ತದೆ. ಯೂಟ್ಯೂಬ್ ಇಂದು ಬ್ರೌಸರ್‌ಗಳಿಗೆ ಸಾಮಾನ್ಯವಾಗಿ ಕಳುಹಿಸುವುದು ವಿಪಿ9 ಅಥವಾ ಎವಿ1 ಎಂಬ ಹೊಸ ವಿಧಾನಗಳ ವಿಡಿಯೊ. ಇಂಟೆಲ್‌ನಲ್ಲಿ ವಿಪಿ9 ಅನ್ನು ಪೂರ್ತಿಯಾಗಿ ಮಂಡಲದಲ್ಲೇ ಬಿಡಿಸುವ ಸೌಲಭ್ಯ ಬಂದದ್ದು ಏಳನೆಯ ತಲೆಮಾರಿನಲ್ಲಿ, ಎವಿ1 ಬಂದದ್ದು 2020ರ ಹನ್ನೊಂದನೆಯ ತಲೆಮಾರಿನಲ್ಲಿ. ಹೀಗಾಗಿ ನಿಮ್ಮ ಯಂತ್ರದಲ್ಲಿ ವಿಶೇಷ ಮಂಡಲ ಸುಮ್ಮನೆ ಕುಳಿತಿರುತ್ತದೆ, ಮುಖ್ಯ ಪ್ರೊಸೆಸರ್ ಏದುಸಿರು ಬಿಡುತ್ತದೆ. ಫ್ಯಾನ್ ಸದ್ದಿನ ಕಾರಣ ಇದೇ ಇರಬೇಕು.

ಊಹೆಯ ಮೇಲೆ ನಡೆಯುವುದು ಬೇಡ, ಪರೀಕ್ಷಿಸಿಯೇ ನೋಡಬಹುದು. ವಿಡಿಯೊ ಓಡುತ್ತಿರುವಾಗ ಅದರ ಮೇಲೆ ಬಲ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಎಂಬುದನ್ನು ಆರಿಸಿ. ಮೂಲೆಯಲ್ಲಿ ತೆರೆಯುವ ಸಣ್ಣ ಪಟ್ಟಿಯಲ್ಲಿ 'ಕೋಡೆಕ್ಸ್' ಎಂಬ ಸಾಲಿದೆ: ಎವಿಸಿ1 ಎಂದಿದ್ದರೆ ಎಚ್.264, ವಿಪಿ09 ಎಂದಿದ್ದರೆ ವಿಪಿ9, ಎವಿ01 ಎಂದಿದ್ದರೆ ಎವಿ1. ಅದೇ ಪಟ್ಟಿಯಲ್ಲಿ ಕೈಬಿಟ್ಟ ಫ್ರೇಮ್‌ಗಳ, ಅಂದರೆ ತೋರಿಸದೆ ಬಿಟ್ಟ ಬಿಡಿ ಚಿತ್ರಗಳ, ಸಂಖ್ಯೆಯೂ ಇರುತ್ತದೆ. ಅದು ಒಂದೇ ಸಮನೆ ಏರುತ್ತಿದ್ದರೆ ಯಂತ್ರ ಸೋಲುತ್ತಿದೆ ಎಂದೇ ತಿಳಿಯಿರಿ.

ಪರಿಹಾರ ಸುಲಭ. ಎಚ್264ಇಫೈ ಎಂಬ ಪುಟ್ಟ ವಿಸ್ತರಣೆಯನ್ನು ಬ್ರೌಸರ್‌ಗೆ ಸೇರಿಸಿದರೆ, "ನನಗೆ ವಿಪಿ9 ಬರುವುದಿಲ್ಲ" ಎಂದು ಅದು ಯೂಟ್ಯೂಬ್‌ಗೆ ತಿಳಿಸುತ್ತದೆ, ಆಗ ಯೂಟ್ಯೂಬ್ ಎಚ್.264 ಪ್ರತಿಯನ್ನೇ ಕಳುಹಿಸುತ್ತದೆ. ಈ ಪ್ರತಿ 1080ಪಿ ವರೆಗೆ ಮಾತ್ರ ಲಭ್ಯ. ನಿಮ್ಮ ಪರದೆಗೆ ಅದಕ್ಕಿಂತ ಹೆಚ್ಚು ಬೇಕಿಲ್ಲವಾದ್ದರಿಂದ ನಷ್ಟವೇನೂ ಇಲ್ಲ. ಒಂದೇ ಗುಣಮಟ್ಟಕ್ಕೆ ಎಚ್.264 ಸ್ವಲ್ಪ ಹೆಚ್ಚು ಡೇಟಾ ತಿನ್ನುತ್ತದೆ ಎಂಬುದನ್ನು ಮಾತ್ರ, ನಿಮ್ಮದು ಮಿತಿಯಿರುವ ಸಂಪರ್ಕವಾಗಿದ್ದರೆ, ಗಮನದಲ್ಲಿಡಿ. ತಂತಿ_ಪೆಟ್ಟಿಗೆ ಅವರು ಹೇಳಿದಂತೆ 720ಪಿಗೆ ಇಳಿದರೆ ಆ ಹೊರೆಯೂ ತಗ್ಗುತ್ತದೆ.

ಬ್ರೌಸರ್ ಆಯ್ಕೆಯಲ್ಲಿ ನನ್ನ ಒಲವು ಸ್ಪಷ್ಟವಾಗಿ ಫೈರ್‌ಫಾಕ್ಸ್ ಕಡೆಗಿದೆ. ಯಾವ ವಿಡಿಯೊ ವಿಧಾನ ಮಂಡಲದಲ್ಲಿ ಬಿಡಿಸಲ್ಪಡುತ್ತಿದೆ, ಯಾವುದು ಇಲ್ಲ ಎಂಬುದನ್ನು ಅದು ಬೆಂಬಲ ಮಾಹಿತಿಯ ಪುಟದ 'ಮೀಡಿಯಾ' ವಿಭಾಗದಲ್ಲಿ ಕೋಷ್ಟಕವಾಗಿ ತೋರಿಸುತ್ತದೆ. ಲಿನಕ್ಸ್‌ಗೆ ಹೋಗುವುದಾದರೆ ಇನ್ನೂ ಒಂದು ಕಾರಣವಿದೆ: ಇಂಟೆಲ್ ಗ್ರಾಫಿಕ್ಸ್ ಇರುವ ಲಿನಕ್ಸ್ ಯಂತ್ರಗಳಲ್ಲಿ ವಿಡಿಯೊವನ್ನು ಮಂಡಲದಲ್ಲೇ ಬಿಡಿಸುವ ಸೌಲಭ್ಯವನ್ನು ಫೈರ್‌ಫಾಕ್ಸ್ 2023ರ 115ನೆಯ ಆವೃತ್ತಿಯಿಂದ ತಾನಾಗಿಯೇ ಚಾಲೂ ಮಾಡಿದೆ. ನಿಮ್ಮ ಚಿಪ್ ಹಳೆಯದಾದ್ದರಿಂದ ಅಲ್ಲಿ ಆ ಮಂಡಲವನ್ನು ನಡೆಸುವ ಐ965 ಎಂಬ ಹಳೆಯ ಡ್ರೈವರ್ ಬೇಕು. ಇಂಟೆಲ್‌ನ ಹೊಸ ಡ್ರೈವರ್ ಐದನೆಯ ತಲೆಮಾರು ಮತ್ತು ಅದರ ನಂತರದ ಚಿಪ್‌ಗಳಿಗಷ್ಟೇ ಸಲ್ಲುತ್ತದೆ.

ಉತ್ತರ: ಕಡಲತಡಿ

ಲಿನಕ್ಸ್ ಮತ್ತು ಕನ್ನಡದ ಬಗ್ಗೆ ನಾನು ಬರೆಯುತ್ತೇನೆ. ಹೆದರುವ ಅಗತ್ಯವಿಲ್ಲ. ಲಿನಕ್ಸ್‌ನ ಒಂದು ರೂಪವಾದ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಇಂತಹ ಯಂತ್ರಕ್ಕೆ ಒಗ್ಗುತ್ತದೆ. ಮೊದಲು ಅದನ್ನು ಪೆನ್ ಡ್ರೈವ್‌ಗೆ ಬರೆದುಕೊಂಡು, ಹಾರ್ಡ್ ಡಿಸ್ಕ್ ಮುಟ್ಟದೆ ಅಲ್ಲಿಂದಲೇ ನಡೆಸಿ ನೋಡಿ. ವೈ-ಫೈ ಸಿಗುತ್ತದೆಯೇ, ಎಚ್‌ಡಿಎಂಐ ಮೂಲಕ ಟಿ.ವಿ.ಯ ಸ್ಪೀಕರ್‌ಗೆ ಧ್ವನಿ ಹೋಗುತ್ತದೆಯೇ ಎಂಬ ಎರಡನ್ನು ಅಲ್ಲೇ ಖಚಿತಪಡಿಸಿಕೊಳ್ಳಿ. ಧ್ವನಿ ಬಾರದಿದ್ದರೆ ಸೌಂಡ್ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಆಗಿ ಎಚ್‌ಡಿಎಂಐ ಆರಿಸಬೇಕು, ಅಷ್ಟೇ.

ಆದರೆ ಯಾವ ಸಾಫ್ಟ್‌ವೇರ್ ಹಾಕಿದರೂ ಹಳೆಯ ಹಾರ್ಡ್ ಡಿಸ್ಕ್ ಇರುವವರೆಗೆ ಯಂತ್ರ ತೆವಳುತ್ತಲೇ ಇರುತ್ತದೆ. ಅದರ ಜಾಗಕ್ಕೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಗಳಿಲ್ಲದ ವೇಗದ ಡಿಸ್ಕ್, ಒಂದನ್ನು ಹಾಕಿಸಿ. ಜಾಗವಿದ್ದರೆ ಡಿಡಿಆರ್3 ರ‍್ಯಾಮನ್ನು 8 ಜಿಬಿಗೆ ಏರಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಯಂತ್ರಗಳಿಂದ ಬಿಚ್ಚಿದ ಡಿಡಿಆರ್3 ತುಣುಕುಗಳು ಈಗಲೂ ಸಿಗುತ್ತವೆ. ಹಣ ಹಾಕುವುದಿದ್ದರೆ ಮೊದಲು ಇಲ್ಲಿ ಹಾಕಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕನ್ನಡ ಬರೆಯಲು ಐಬಸ್ ಎಂಬ ಬೆರಳಚ್ಚು ತಂತ್ರಾಂಶವನ್ನೂ ಎಂ17ಎನ್ ಎಂಬ ಅದರ ಕೀಲಿಮಣೆ ವಿನ್ಯಾಸಗಳ ಭಂಡಾರವನ್ನೂ ಸ್ಥಾಪಿಸಿ. ಅದರಲ್ಲಿ ಕೆಜಿಪಿ ಎಂಬ ವಿನ್ಯಾಸವಿದೆ, ಕೆ.ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರ್ಕಾರ ಶಿಷ್ಟವೆಂದು ಒಪ್ಪಿಕೊಂಡ, ನುಡಿ ತಂತ್ರಾಂಶದಿಂದ ನಮಗೆಲ್ಲ ಪರಿಚಿತವಾದ ವಿನ್ಯಾಸ ಅದೇ. ನುಡಿಯಲ್ಲಿ ಬೆರಳು ಪಳಗಿದವರು ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ. ಇನ್‌ಸ್ಕ್ರಿಪ್ಟ್ ಮತ್ತು ಐಟ್ರಾನ್ಸ್ ವಿನ್ಯಾಸಗಳೂ ಅಲ್ಲಿವೆ. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಯೂನಿಕೋಡ್‌ಗೆ ಮುಂಚಿನ ಸಂಕೇತದಲ್ಲಿ ಬರೆದಿಟ್ಟ ಹಳೆಯ ಕಡತಗಳಿದ್ದರೆ ಮಾತ್ರ, ಅವನ್ನು ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳಿ. ಆಮೇಲೆ ಮಾಡೋಣವೆಂದು ಬಿಟ್ಟ ಕಡತಗಳು ಹಾಗೆಯೇ ಉಳಿದುಬಿಡುತ್ತವೆ.

ತಂದೆಯವರ ಓದಿಗೆ ಫೈರ್‌ಫಾಕ್ಸ್‌ನಲ್ಲಿ ಬಹಳ ಜನ ಗಮನಿಸದ ಒಂದು ಸೌಲಭ್ಯವಿದೆ. ಸೆಟ್ಟಿಂಗ್‌ನಲ್ಲಿ ಫಾಂಟ್‌ಗಳ 'ಅಡ್ವಾನ್ಸ್ಡ್' ಗುಂಡಿ ಒತ್ತಿದರೆ ಲಿಪಿಗಳ ಪಟ್ಟಿ ಬರುತ್ತದೆ. ಅದರಲ್ಲಿ ಕನ್ನಡವನ್ನು ಆರಿಸಿ, ಕನ್ನಡಕ್ಕೆ ಮಾತ್ರ ಅನ್ವಯಿಸುವಂತೆ ಫಾಂಟನ್ನೂ ಕನಿಷ್ಠ ಗಾತ್ರವನ್ನೂ ನಿಗದಿಪಡಿಸಬಹುದು. ನೋಟೊ ಸ್ಯಾನ್ಸ್ ಕನ್ನಡ ದೂರದಿಂದ ಓದಲು ಸ್ಪಷ್ಟವಾಗಿದೆ. ಅದು ಒಗ್ಗದಿದ್ದರೆ ಲೋಹಿತ್, ನವಿಲು, ಗುಬ್ಬಿ ಫಾಂಟ್‌ಗಳನ್ನೂ ಪ್ರಯತ್ನಿಸಬಹುದು. ಕೆಲವು ಜಾಲತಾಣಗಳಲ್ಲಿ ಸಾಲುಗಳ ನಡುವಿನ ಅಂತರವನ್ನು ರೋಮನ್ ಅಕ್ಷರಗಳಿಗೆ ಹೊಂದುವಂತೆ ಇಟ್ಟಿರುವುದರಿಂದ ಕೆಳಗಿನ ಒತ್ತಕ್ಷರ ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅಂತಹ ಕಡೆ 'ರೀಡರ್ ವ್ಯೂ' ತೆರೆದರೆ ಅಕ್ಷರದ ಗಾತ್ರ, ಸಾಲಿನ ಅಂತರ, ಹಿನ್ನೆಲೆಯ ಬಣ್ಣ ಎಲ್ಲವೂ ಓದುಗನ ಕೈಗೆ ಬರುತ್ತವೆ. ಹಿರಿಯರಿಗೆ ಇದರಿಂದ ಆಗುವ ಅನುಕೂಲವನ್ನು ಎಷ್ಟು ಹೇಳಿದರೂ ಸಾಲದು. ಪತ್ರಿಕೆಯ ಅಕ್ಷರ ಕಾಣದೆಂದು ಓದನ್ನೇ ಬಿಟ್ಟವರು ಇದರಿಂದ ಮತ್ತೆ ಓದಲು ತೊಡಗಿದ್ದನ್ನು ಕಂಡಿದ್ದೇನೆ.

ಶರಾವತಿ_ತೀರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಟಿ.ವಿ. 1366 × 768 ಪರದೆಯದ್ದೇ ಎಂದು ಕೈಪಿಡಿಯಿಂದ ಖಚಿತವಾಯಿತು. ಅಂಚಿನ ಸಮಸ್ಯೆ ಹೋಗಿದೆ, ಇನ್‌ಪುಟ್‌ನ ಹೆಸರು ಬದಲಿಸಿದ ಮೇಲೆ ಕೆಂಪು ಅಕ್ಷರಗಳ ಒತ್ತುಗಳೂ ಬಿಡಿಬಿಡಿಯಾಗಿ ಕಾಣುತ್ತಿವೆ. ಗಣಕಪ್ರಿಯ ಅವರು ಹೇಳಿದಂತೆ ಮೊದಲು ವಿಪಿ9 ಬರುತ್ತಿತ್ತು. ವಿಸ್ತರಣೆ ಹಾಕಿದ ನಂತರ ಎವಿಸಿ1 ಬರುತ್ತಿದೆ, ಕೈಬಿಟ್ಟ ಫ್ರೇಮ್‌ಗಳು ಏರುವುದು ನಿಂತಿದೆ, ಫ್ಯಾನ್ ಬಹುತೇಕ ಮೌನವಾಗಿದೆ. ಎಸ್‌ಎಸ್‌ಡಿ ತರಿಸಿ ಮಿಂಟ್ ಹಾಕಿದ್ದೇನೆ. ಅಪ್ಪ ಈಗ ಕುರ್ಚಿಯಲ್ಲೇ ಕುಳಿತು ಸಂಪಾದಕೀಯ ಓದುತ್ತಿದ್ದಾರೆ.

ಇನ್ನು ಒಂದು ಸಣ್ಣ ತೊಡಕು ಉಳಿದಿದೆ. ಟಿ.ವಿ. ಕಾರ್ಯಕ್ರಮಗಳ ರೆಕಾರ್ಡಿಂಗ್‌ಗಳಲ್ಲಿ ಪರದೆಯ ಕೆಳಗೆ ಹರಿಯುವ ಸಾಲುಗಳು ಹಾಗೂ ಕ್ಯಾಮೆರಾ ಪಕ್ಕಕ್ಕೆ ಚಲಿಸುವ ದೃಶ್ಯಗಳು ಸಣ್ಣಗೆ ನಡುಗುತ್ತವೆ. ಫ್ರೇಮ್ ಒಂದೂ ಕೈಬಿಟ್ಟಿಲ್ಲ ಎಂದೇ ಪಟ್ಟಿ ತೋರಿಸುತ್ತದೆ. ಮತ್ತೆ, ಸ್ಟಿಕ್ ಕೊಳ್ಳುವ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಹುಬ್ಬಳ್ಳಿಯಲ್ಲಿರುವ ಅಕ್ಕ ಅದನ್ನೇ ಕೊಳ್ಳು ಎಂದು ಒತ್ತಾಯಿಸುತ್ತಿದ್ದಾಳೆ.

ಉತ್ತರ: ಗಣಕಪ್ರಿಯ

ನಡುಕದ ಕಾರಣ ಲೆಕ್ಕದಲ್ಲಿದೆ. ಭಾರತದ ಟಿ.ವಿ. ಪ್ರಸಾರ ಸೆಕೆಂಡಿಗೆ 25 ಫ್ರೇಮ್‌ಗಳ ಪದ್ಧತಿಯದ್ದು, ಅದರಿಂದ ತೆಗೆದ ರೆಕಾರ್ಡಿಂಗ್‌ಗಳೂ ಸಾಮಾನ್ಯವಾಗಿ 25 ಅಥವಾ 50 ಫ್ರೇಮ್‌ಗಳಲ್ಲಿ ಇರುತ್ತವೆ. ಕಂಪ್ಯೂಟರ್ ಮಾತ್ರ ಪರದೆಯನ್ನು ಸೆಕೆಂಡಿಗೆ 60 ಬಾರಿ ಹೊಸದಾಗಿಸುತ್ತದೆ. 25ರಿಂದ 60 ಸಮವಾಗಿ ಭಾಗವಾಗುವುದಿಲ್ಲ. ಆದ್ದರಿಂದ ಕೆಲವು ಫ್ರೇಮ್‌ಗಳು ಎರಡು ಬಾರಿ, ಕೆಲವು ಮೂರು ಬಾರಿ ಕಾಣಿಸಿಕೊಳ್ಳುತ್ತವೆ, ಸಮವೇಗದ ಚಲನೆ ಕುಂಟುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ದರವನ್ನು 50 ಹರ್ಟ್ಸ್‌ಗೆ ಇಳಿಸಿ. ನಮ್ಮ ಮಾರುಕಟ್ಟೆಯ ಟಿ.ವಿ.ಗಳು 50 ಹರ್ಟ್ಸನ್ನು ಸಹಜವಾಗಿ ಒಪ್ಪಿಕೊಳ್ಳುತ್ತವೆ. 1366 × 768ರಲ್ಲಿ ಆ ದರ ಪಟ್ಟಿಯಲ್ಲಿ ಬಾರದಿದ್ದರೆ 1280 × 720ರಲ್ಲಿ ಅಥವಾ 1920 × 1080ರಲ್ಲಿ ಹುಡುಕಿ. ಓದುವಾಗ ಮೊದಲಿನ ಅಳತೆ, ರೆಕಾರ್ಡಿಂಗ್ ನೋಡುವಾಗ ಇದು ಎಂದು ಬದಲಿಸಿಕೊಳ್ಳಬಹುದು. ಫೋನಿನಲ್ಲಿ ಚಿತ್ರಿಸಿದ ವಿಡಿಯೊಗಳು ಹೆಚ್ಚಾಗಿ 30 ಫ್ರೇಮ್‌ಗಳವು, ಅವಕ್ಕೆ 60 ಹರ್ಟ್ಸ್ ಸರಿ. ವಿಡಿಯೊ ಎಷ್ಟು ಫ್ರೇಮ್‌ಗಳದ್ದು ಎಂಬುದು 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಪಟ್ಟಿಯಲ್ಲಿ ಅಳತೆಯ ಪಕ್ಕದ ಸಂಖ್ಯೆಯಿಂದ ತಿಳಿಯುತ್ತದೆ.

ಉತ್ತರ: ತಂತಿ_ಪೆಟ್ಟಿಗೆ

ಸ್ಟಿಕ್ ವಿಷಯದಲ್ಲಿ ಅಕ್ಕನವರ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಹಣ ಕೊಟ್ಟು ನೋಡುವ ಸೇವೆಗಳು ತಮ್ಮ ವಿಡಿಯೊಗಳನ್ನು ನಕಲು ತಡೆಯುವ ಬೀಗದೊಳಗಿಟ್ಟು ಕಳುಹಿಸುತ್ತವೆ. ಗೂಗಲ್‌ನ ವೈಡ್‌ವೈನ್ ಎಂಬ ಬೀಗಕ್ಕೆ ಎಲ್1, ಎಲ್2, ಎಲ್3 ಎಂಬ ಮಟ್ಟಗಳಿವೆ. ಪ್ರಮಾಣಿತ ಟಿ.ವಿ. ಸ್ಟಿಕ್‌ಗಳಲ್ಲಿ ಎಲ್1, ಅಂದರೆ ಯಂತ್ರಾಂಶದಲ್ಲೇ ರಕ್ಷಣೆ. ಲಿನಕ್ಸ್‌ನ ಫೈರ್‌ಫಾಕ್ಸ್ ಅಥವಾ ಕ್ರೋಮ್‌ನಲ್ಲಿ ಎಲ್3, ಅಂದರೆ ಸಾಫ್ಟ್‌ವೇರ್ ರಕ್ಷಣೆ ಮಾತ್ರ. ಎಲ್3 ಇರುವಲ್ಲಿಗೆ ಅನೇಕ ಸೇವೆಗಳು ಕಡಿಮೆ ಗುಣಮಟ್ಟದ ಚಿತ್ರವನ್ನೇ ಕಳುಹಿಸುತ್ತವೆ, ನಿಮ್ಮ ಚಂದಾ ಯಾವುದೇ ದರ್ಜೆಯದ್ದಾಗಿರಲಿ. ಆದ್ದರಿಂದ ಮನೆಯಲ್ಲಿ ಅಂತಹ ಸೇವೆಗಳ ಬಳಕೆ ಹೆಚ್ಚಾಗಿದ್ದರೆ ಸ್ಟಿಕ್ ಉಪಯುಕ್ತ. ಯಕ್ಷಗಾನ, ಹಳೆಯ ಕಾರ್ಯಕ್ರಮ, ಪತ್ರಿಕೆ ಎಂದಾದರೆ ಲ್ಯಾಪ್‌ಟಾಪ್‌ಗೆ ಸಾಟಿಯಿಲ್ಲ: ಬ್ರೌಸರ್ ನಿಮ್ಮದು, ಫಾಂಟ್ ನಿಮ್ಮದು, ಯಾವ ವಿಸ್ತರಣೆ ಬೇಕೆಂಬ ನಿರ್ಧಾರವೂ ನಿಮ್ಮದು. ಟಿ.ವಿ.ಯೊಳಗಿನ ಆ್ಯಪ್‌ಗಳು ಕೈಕೊಟ್ಟಂತೆ ಅದು ತಯಾರಕರ ಮರ್ಜಿಯ ಮೇಲೆ ನಿಲ್ಲುವುದಿಲ್ಲ. ಚಂದನವನ್ನು ನೇರವಾಗಿ ನೋಡಬೇಕೆಂದರೆ ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್ ಇದೆ, ಅದಕ್ಕೆ ತಿಂಗಳ ಶುಲ್ಕವೂ ಇಲ್ಲ, ಇಂಟರ್ನೆಟ್ಟೂ ಬೇಕಿಲ್ಲ.

ಸ್ಟಿಕ್ ಕೊಂಡರೆ ಎರಡು ಸಂಗತಿ ನೆನಪಿಡಿ. ಅದಕ್ಕೆ ವಿದ್ಯುತ್ತನ್ನು ಟಿ.ವಿ.ಯ ಯುಎಸ್‌ಬಿ ಕಿಂಡಿಯಿಂದ ಕೊಡಬೇಡಿ, ಯುಎಸ್‌ಬಿ 2.0 ಕಿಂಡಿಯಿಂದ ಸಿಗುವುದು ಅರ್ಧ ಆಂಪಿಯರ್ ಮಾತ್ರ, ಸಾಲದೆ ಬಂದಾಗ ಸ್ಟಿಕ್ ನಡುವೆಯೇ ಮರುಚಾಲೂ ಆಗುತ್ತದೆ. ಅದರ ಜೊತೆ ಬಂದ ಅಡಾಪ್ಟರನ್ನೇ ಗೋಡೆಯ ಸಾಕೆಟ್‌ಗೆ ಹಾಕಿ. ಇನ್ನು, ಟಿ.ವಿ.ಯ ಬೆನ್ನಿಗೆ ನೇರವಾಗಿ ಚುಚ್ಚಿದರೆ ಪರದೆಯ ಲೋಹದ ಭಾಗ ವೈ-ಫೈ ಸಂಕೇತಕ್ಕೆ ಅಡ್ಡ ಬರುತ್ತದೆ; ಪೆಟ್ಟಿಗೆಯಲ್ಲಿ ತುಂಡು ಎಚ್‌ಡಿಎಂಐ ಕೇಬಲ್ ಇದ್ದರೆ ಅದನ್ನು ಬಳಸಿ ಸ್ಟಿಕ್ಕನ್ನು ಸ್ವಲ್ಪ ಹೊರಗೆ ತನ್ನಿ. ರೌಟರ್ ದೂರದ ಕೋಣೆಯಲ್ಲಿದ್ದರೆ 5 ಗಿಗಾಹರ್ಟ್ಸ್‌ಗಿಂತ 2.4 ಗಿಗಾಹರ್ಟ್ಸ್ ಸಂಕೇತವೇ ಗೋಡೆಗಳನ್ನು ಚೆನ್ನಾಗಿ ದಾಟುತ್ತದೆ.

ನೀವು ಕೇಳದಿದ್ದರೂ ಅಮ್ಮನವರ ದೃಷ್ಟಿಯಿಂದ ಒಂದು ಸಲಹೆ ಕೊಡುತ್ತೇನೆ. ಟಿ.ವಿ. ರಿಮೋಟ್‌ನಿಂದ ಲ್ಯಾಪ್‌ಟಾಪನ್ನು ನಿಯಂತ್ರಿಸಲು ಆಗುವುದಿಲ್ಲ. ಅದಕ್ಕೆ ಬೇಕಾದ ಸಿಇಸಿ ಸೌಲಭ್ಯ ಲ್ಯಾಪ್‌ಟಾಪ್‌ಗಳ ಎಚ್‌ಡಿಎಂಐ ಕಿಂಡಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಟಚ್‌ಪ್ಯಾಡ್ ಸೇರಿಕೊಂಡ ಸಣ್ಣ ವೈರ್‌ಲೆಸ್ ಕೀಲಿಮಣೆ ಕೊಳ್ಳಿ; ನಿಮ್ಮ ಕೆಟ್ಟ ಕೀಲಿಗಳ ತೊಂದರೆಯೂ ಅದರಿಂದ ತೀರುತ್ತದೆ. ಫೋನ್ ಬಳಸುವ ರೂಢಿ ಅವರಿಗಿದ್ದರೆ ಕೆಡಿಇ ಕನೆಕ್ಟ್ ಎಂಬ ಉಚಿತ ಆ್ಯಪನ್ನು ಫೋನಿಗೂ ಮಿಂಟ್‌ಗೂ ಹಾಕಿ, ಫೋನಿನ ಪರದೆಯೇ ಟಚ್‌ಪ್ಯಾಡ್ ಆಗುತ್ತದೆ. ಅವರು ನೋಡುವ ಪ್ರಸಂಗಗಳ ಪಟ್ಟಿಯನ್ನು ಬ್ರೌಸರ್‌ನ ಮೊದಲ ಪುಟವಾಗಿ ಇಟ್ಟುಬಿಡಿ, ಆಗ ಬೆರಳಚ್ಚು ಮಾಡುವ ಪ್ರಮೇಯವೇ ಬರುವುದಿಲ್ಲ. ಲ್ಯಾಪ್‌ಟಾಪ್‌ನ ಮುಚ್ಚಳ ಹಾಕಿದರೂ ಯಂತ್ರ ನಿದ್ರೆಗೆ ಹೋಗದಂತೆ ಪವರ್ ಸೆಟ್ಟಿಂಗ್‌ನಲ್ಲಿ ಬದಲಿಸಬಹುದು, ಆದರೆ ಬಿಸಿ ಗಾಳಿ ಹೊರಹೋಗುವ ಕಿಂಡಿ ಗೋಡೆಗೆ ತಾಗದಂತೆ ಇಡಿ.